ಹನ್ನೊಂದೂವರೆ ಸಾವಿರ, ಚೌಕಾಸಿ ಇಲ್ಲ

ಕಾರು ಮಾರೋಣ ಎಂದು ಅತ್ತೆ ಹೇಳಿದ್ದು ಮೇ ತಿಂಗಳ ಮೊದಲ ಭಾನುವಾರ, ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ. ಮಾವ ಹುರಿದ ಹಂದಿಮಾಂಸದ ಎರಡನೇ ತುಂಡು ಬಡಿಸಿಕೊಳ್ಳುತ್ತಿದ್ದರು. ಅತ್ತೆಯ ತಟ್ಟೆಯಲ್ಲಿ ಮಾಂಸವಿರಲಿಲ್ಲ. ಬೀನ್ಸನ್ನು ಚಮಚದ ಹಿಂಬದಿಯಿಂದ ಹಿಸುಕಿ, ಟೊಮೆಟೊ ಹಾಕಿದ ಕೆಂಪನ್ನಕ್ಕೆ ಕಲಸಿ, ಎಡದವಡೆಯಲ್ಲಿ ನುರಿಸುತ್ತಿದ್ದರು. ಮೇಲಿನ ನಾಲ್ಕು ಹಲ್ಲು ಹೋಗಿ ಎರಡು ವರ್ಷವಾಗಿತ್ತು. ಉಳಿದವುಗಳಲ್ಲಿ ಎರಡು ಅಲ್ಲಾಡುತ್ತಿದ್ದವು.

"ಹಲ್ಲಿನ ಡಾಕ್ಟ್ರು ಚೀಟಿ ಕೊಟ್ಟಿದಾನೆ. ಹಲ್ಲು ಕಟ್ಟೋಕೆ ಏಳು ಸಾವಿರದ ಒಂಬೈನೂರು ಡಾಲರ್," ಎಂದರು ಅತ್ತೆ.

"ವಿಮೆ ಬರಲ್ವಾ?" ಎಂದು ಕೇಳಿದ ನನ್ನ ಗಂಡ ನೇಟ್.

"ಅದನ್ನ ಕಳೆದೇ ಹೇಳಿದ್ದು."

ಮಾವ ತಟ್ಟೆ ನೋಡಿಕೊಂಡೇ, "ಮುಂದಿನ ವರ್ಷ ನೋಡೋಣ ಲಿಂಡಾ," ಎಂದರು.

"ಹೋದ ವರ್ಷಾನೂ ಇದನ್ನೇ ಅಂದೆ. ಆಗ ಆರು ಸಾವಿರ ಇತ್ತು. ಕೊಟ್ಟಿಗೇಲಿರೋ ಡಸ್ಟರ್ ಮಾರೋಣ."

ನೇಟ್ ಎದ್ದು, ನಾಯಿಗೆ ನೀರಿಟ್ಟಿದೆಯೋ ನೋಡಿ ಬರುತ್ತೇನೆಂದು ಹೊರಗೆ ಹೋದ. ಮನೆಯಲ್ಲಿ ಮಾತಿಗೆ ಬಿಸಿ ಏರಿದಾಗಲೆಲ್ಲ ನಮ್ಮ ನಾಯಿಗೆ ಬಾಯಾರಿಕೆಯಾಗುತ್ತದೆ. ನಾನು ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷ. ಬಾಡಿಗೆ ಉಳಿಸೋಣವೆಂದು ಆರು ತಿಂಗಳ ಮಟ್ಟಿಗೆ ಮೇಲಿನ ಮಹಡಿ ಸೇರಿದವರು ನಾವು. ಆ ಆರು ತಿಂಗಳು ಇನ್ನೂ ಮುಗಿದಿಲ್ಲ.

ಒಹಾಯೋದ ಟೊಲೀಡೋ ಪಟ್ಟಣದಿಂದ ಅರ್ಧ ಗಂಟೆ ದೂರದ ನಮ್ಮ ಊರಿನಲ್ಲಿ ಮೂರು ಮನೆಗೊಂದರಂತೆ ಇಂಥ ಕಾರು ಟಾರ್ಪಾಲಿನ ಕೆಳಗೆ ಮಲಗಿದೆ. ನಮ್ಮದು ಎಪ್ಪತ್ತರ ಪ್ಲಿಮತ್ ಡಸ್ಟರ್. ಸಣ್ಣ ಮೈ, ಅದಕ್ಕೆ ಹೊಂದದಷ್ಟು ದೊಡ್ಡ ಎಂಜಿನ್, ಕೈಯಲ್ಲಿ ಹಾಕುವ ನಾಲ್ಕು ಗೇರು. ಒಂದು ಕಾಲದಲ್ಲಿ ಕಿತ್ತಳೆ ಬಣ್ಣವಿತ್ತಂತೆ, ಈಗ ಯಾವುದು ಬಣ್ಣ ಯಾವುದು ತುಕ್ಕು ಎಂದು ಹೇಳುವುದು ಕಷ್ಟ. ತೊಂಬತ್ಮೂರರಲ್ಲಿ ಮಾವ ಎಂಜಿನ್ ಹೊರಗೆ ತೆಗೆದರು, ರಿಪೇರಿ ಮಾಡಿ ಹೊಸದರಂತೆ ಮಾಡುತ್ತೇನೆಂದು. ಪ್ರತಿ ಚಳಿಗಾಲದಲ್ಲೂ ಈ ಬೇಸಿಗೆಗೆ ಶುರು ಅನ್ನುತ್ತಿದ್ದರು. ಆಮೇಲೆ ಅವರು ದುಡಿಯುತ್ತಿದ್ದ ಆಕ್ಸಲ್ ಕಾರ್ಖಾನೆಯಲ್ಲಿ ಬಲಭುಜ ಹೋಯಿತು, ಸ್ಪ್ಯಾನರ್ ಎತ್ತುವುದೇ ಕಷ್ಟವಾಯಿತು. ಕಾರು ಮಾತ್ರ ಹಾಗೇ ಉಳಿಯಿತು.

ಮಾವ ಬಹಳ ಹೊತ್ತು ಮಾಂಸ ಅಗಿದರು. "ಸರಿ, ಮಾರೋಣ," ಎಂದರು ಕೊನೆಗೆ. ಇಷ್ಟು ಬೇಗ ಒಪ್ಪಿದರಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಬುಧವಾರ ನನಗೆ ತೂಕದ ಮನೆಯಲ್ಲಿ ಅರ್ಧ ದಿನದ ಕೆಲಸ. ಧಾನ್ಯದ ಲಾರಿಗಳನ್ನು ತೂಗಿ ಚೀಟಿ ಬರೆಯುವುದು ನನ್ನ ಉದ್ಯೋಗ. ಮನೆಗೆ ಬಂದು ಬಟ್ಟೆ ಒಣಹಾಕುತ್ತಿದ್ದೆ, ಮಾವನ ತಮ್ಮ ವೆಂಡೆಲ್ ಬಂದರು. ಅಣ್ಣ ತಮ್ಮ ಇಬ್ಬರೂ ಕೊಟ್ಟಿಗೆಗೆ ಹೋದರು, ಬಾಗಿಲು ತೆರೆದೇ ಇತ್ತು. ವೆಂಡೆಲ್ ಕಾರಿನ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಚಕ್ರದ ಮೇಲಿನ ತಗಡನ್ನು ಬೆರಳಿನಿಂದ ತಟ್ಟಿದರು. ಪುಡಿ ಉದುರಿತು.

"ಜರಡಿ ಆಗಿದೆಯಲ್ಲೋ. ಇದನ್ನ ಕಾರು ಅನ್ನೋದೇ ದಾಕ್ಷಿಣ್ಯಕ್ಕೆ."

"ಎಂಜಿನ್ ಅದರದ್ದೇ ಕಣೋ. ಕೈಯಲ್ಲಿ ತಿರುಗಿಸಿದ್ರೆ ಇನ್ನೂ ತಿರುಗುತ್ತೆ."

"ಮೂರು ಸಾವಿರ. ಬೇರೆಯವ್ರಾಗಿದ್ರೆ ಎರಡೇ ಕೊಡ್ತಿದ್ದೆ. ಗ್ರೇಬರ್ ಕಾರು ಗ್ರೇಬರ್ ಮನೇಲೇ ಉಳೀಲಿ ಅಂತ ಅಷ್ಟೇ."

ಇಬ್ಬರೂ ಕೈ ಕುಲುಕಿದರು. ಗ್ರೇಬರ್ ಮನೆತನದಲ್ಲಿ ಕೈ ಕುಲುಕಿದರೆ ಮುಗಿಯಿತು. ಅಪ್ಪನ ಜಮೀನನ್ನೂ ಇವರು ಹೀಗೇ ಹಂಚಿಕೊಂಡದ್ದು, ಅಂಗಳದಲ್ಲಿ ನಿಂತು. ಕಾಗದ ಕೇಳಿದವನನ್ನು ಇವರು ಅನುಮಾನದ ಪ್ರಾಣಿ ಎಂದು ಒಂದು ಥರ ನೋಡುತ್ತಾರೆ. ಮೊದಲ ಹುಲ್ಲು ಕೊಯ್ಲು ಮುಗಿಸಿ, ಜೂನ್ ಎರಡನೇ ಶನಿವಾರ ಮಧ್ಯಾಹ್ನ ಟ್ರೈಲರ್ ತರುವುದೆಂದು ಮಾತಾಯಿತು. ವೆಂಡೆಲ್ ಕೆಟ್ಟವರೇನಲ್ಲ. ನನ್ನನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾದಾಗ ಹಿಮದಲ್ಲಿ ಟ್ರ್ಯಾಕ್ಟರ್ ತಂದು ದಾರಿ ಬಿಡಿಸಿಕೊಟ್ಟವರು. ಆದರೆ ಮೂರು ಸಾವಿರ ಎಂದು ಕೇಳಿದಾಗ ನನ್ನ ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು.

ಸಂಜೆ ಅತ್ತೆ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದು, ಆಲೂಗಡ್ಡೆ ಸೂಪು ಮಾಡಿ, ಎಲ್ಲರಿಗೂ ಬಡಿಸಿದ ಮೇಲೆ ಮಾವ ವಿಷಯ ಹೇಳಿದರು.

"ಮೂರು ಸಾವಿರಕ್ಕೆ ಎಷ್ಟು ಹಲ್ಲು ಬರುತ್ತೆ ಲಾಯ್ಡ್? ಮೇಲಿಂದೋ ಕೆಳಗಿಂದೋ?" ಎಂದು ಕೇಳಿದರು ಅತ್ತೆ.

"ವೆಂಡೆಲ್ ಹೊರಗಿನೋನಲ್ಲ."

"ಅವನ ಹಲ್ಲೆಲ್ಲ ನೆಟ್ಟಗಿದೆ. ನಾನು ನೋಡಿದೀನಿ."

"ಲಿಂಡಾ, ಕೈ ಕುಲುಕಿ ಆಗಿದೆ."

"ಕುಲುಕಿದೋನು ನೀನು. ಆ ಕೈಯನ್ನೇ ಟ್ರೈಲರ್ ಮೇಲಿಟ್ಟು ಕಳಿಸು. ಕಾರು ಹೋಗಲ್ಲ."

"ಮೂವತ್ತು ವರ್ಷದಿಂದ ಆ ಕಾರು ನೋಡ್ಕೊಂಡಿರೋನು ನಾನು."

"ನೋಡಿದೀಯ. ನೋಡಿದ್ದು ಬಿಟ್ರೆ ಇನ್ನೇನು ಮಾಡಿದೀಯ ಹೇಳು."

ನೇಟ್ ಎದ್ದ. "ಕೂತ್ಕೋ. ನಾಯಿ ಸಾಯಲ್ಲ," ಎಂದರು ಅತ್ತೆ. ಅವನು ಕೂತ.

ಅತ್ತೆ ಒಳಗೆ ಹೋಗಿ ಒಂದು ಹಸಿರು ಕಾಗದ ತಂದು ಮೇಜಿನ ಮೇಲಿಟ್ಟರು. ಕಾರಿನ ಟೈಟಲ್. ನಮ್ಮ ಒಹಾಯೋದಲ್ಲಿ ಗಾಡಿ ಯಾರದೆಂದು ಹೇಳುವುದು ಆ ಕಾಗದ ಒಂದೇ, ಅದಿಲ್ಲದೆ ಗಾಡಿ ಬರೀ ತಗಡು. ಅದರ ಮೇಲೆ ಟೈಪ್ ಮಾಡಿದ್ದ ಹೆಸರು ಎರ್ಲಿಂಡಾ ಕಾಂಟೂ, ೧೯೭೭. ಎಲ್ಲರೂ ಲಿಂಡಾ ಎಂದು ಮೊಟಕು ಮಾಡಿದ, ಅತ್ತೆಯ ತೌರಿನ ಹೆಸರು.

ನನಗೂ ಗೊತ್ತಿರಲಿಲ್ಲ. ಮಾವನಿಗೆ ಗೊತ್ತಿತ್ತು, ಆದರೆ ಮರೆತೇ ಹೋಗಿತ್ತು. ಅತ್ತೆಯ ಅಪ್ಪ ಅಮ್ಮ ಟೆಕ್ಸಸ್‌ನಿಂದ ಇಲ್ಲಿಗೆ ಟೊಮೆಟೊ ಕೀಳಲು ಬಂದವರು. ಅತ್ತೆ ಹದಿನೇಳಕ್ಕೆ ಕೆಚಪ್ ಕಾರ್ಖಾನೆ ಸೇರಿ, ಎರಡು ವರ್ಷ ಹಣ್ಣು ಆರಿಸಿದ ಕೂಲಿಯಲ್ಲಿ, ಸೈನ್ಯಕ್ಕೆ ಹೊರಟಿದ್ದ ಒಬ್ಬ ಹುಡುಗನಿಂದ ಆ ಕಾರು ಕೊಂಡಿದ್ದರು. ಸಾವಿರದ ನೂರೈವತ್ತು ಡಾಲರ್, ಎಲ್ಲ ಸಣ್ಣ ನೋಟು. ತಂಗಿಯರು ಮೂವರನ್ನು ಕೂರಿಸಿಕೊಂಡು ಬೆಳಗಿನ ಪಾಳಿಗೆ ಹೋಗುತ್ತಿದ್ದರಂತೆ.

"ಅಮ್ಮ, ಇದು ಅಪ್ಪನ ಕಾರು ಅಲ್ವಾ?" ಎಂದ ನೇಟ್.

"ನಿಮ್ಮಪ್ಪ ಪೆಟ್ರೋಲ್ ಬಂಕಲ್ಲಿ ಮೊದಲು ಕಾರು ನೋಡಿದ. ಎಂಜಿನ್ ಎಷ್ಟು ದೊಡ್ಡದು ಅಂತ ಕೇಳಿದ, ಬಾನೆಟ್ ತೆಗೆಸಿದ. ನಾನು ಕಣ್ಣಿಗೆ ಬಿದ್ದದ್ದು ಆಮೇಲೆ."

"ಹಂಗೇನಿಲ್ಲ," ಎಂದರು ಮಾವ.

"ಹಂಗೇ. ಮದುವೆಯಾದ ವಾರಕ್ಕೆ ಬೀಗದ ಕೈ ಇಸ್ಕೊಂಡೆ. ವಾಪಸ್ ಕೊಟ್ಟಿದೀಯಾ?"

ಮಾವ ಸೂಪು ಕುಡಿದರು. ಅತ್ತೆ ಕಾಗದ ಮಡಿಸಿ ಏಪ್ರನ್ನಿನ ಜೇಬಿಗಿಟ್ಟರು. "ವೆಂಡೆಲ್‌ಗೆ ಫೋನ್ ಮಾಡಿ ಆಗಲ್ಲ ಅಂತ ಹೇಳು. ಮಾರೋಳು ನಾನು."

"ಹೇಳ್ತೀನಿ," ಎಂದರು ಮಾವ.

ಶನಿವಾರ ಅತ್ತೆಯೂ ನಾನೂ ಟಾರ್ಚು, ಪಾತ್ರೆ ಉಜ್ಜುವ ಕಬ್ಬಿಣದ ನಾರು, ಫ್ರಿಜ್ಜಿನ ಬಾಗಿಲಿನಿಂದ ಕಿತ್ತ ಒಂದು ಅಯಸ್ಕಾಂತ ಹಿಡಿದು ಕೊಟ್ಟಿಗೆಗೆ ಹೋದೆವು. ನಾನು ಫೋನಿನಲ್ಲಿ ಹುಡುಕಿಟ್ಟಿದ್ದೆ, ಇಂಥದೇ ಕಾರುಗಳು ಎಷ್ಟೆಷ್ಟಕ್ಕೆ ಹೋಗಿವೆ ಎಂದು. ಕೇಳಿದ ಬೆಲೆಯಲ್ಲ, ಕೊಟ್ಟ ಬೆಲೆ. ಎಂಜಿನ್ ಬದಲಾಗಿದ್ದರೆ ಐದಾರು ಸಾವಿರ. ಕಾರಿನ ಜೊತೆ ಹುಟ್ಟಿದ ಎಂಜಿನ್ನೇ ಇದ್ದರೆ ಹತ್ತರಿಂದ ಹದಿಮೂರು.

ಎಂಜಿನ್ನಿನ ಪಕ್ಕದ ಒಂದು ಚಪ್ಪಟೆ ಜಾಗದ ಎಣ್ಣೆ ಜಿಡ್ಡನ್ನು ಅತ್ತೆ ಉಜ್ಜಿ ಉಜ್ಜಿ ತೆಗೆದರು. ಅಂಕಿಗಳು ಎದ್ದು ಬಂದವು. ನಾನು ಓದಿದೆ, ಅವರು ಟೈಟಲ್ ಹಿಡಿದು ತಾಳೆ ನೋಡಿದರು. ಎಲ್ಲ ಅಂಕಿಯೂ ತಾಳೆಯಾಯಿತು.

"ಎಂಟು ಸಾವಿರ ಹಾಕೋಣ್ವಾ ಅತ್ತೆ? ಹಲ್ಲಿಗೆ ಆಗುತ್ತೆ," ಎಂದೆ.

"ನನಗೆ ಎಷ್ಟು ಬೇಕೋ ಅದು ಕಾರಿನ ಬೆಲೆ ಅಲ್ಲ. ಹನ್ನೊಂದೂವರೆ ಹಾಕು."

ಆಮೇಲೆ ತೂತು ಎಣಿಸಿದೆವು. ಡಿಕ್ಕಿಯ ತಳ, ಚಾಲಕನ ಕಾಲ ಕೆಳಗೆ, ಹಿಂದಿನ ಎರಡೂ ಚಕ್ರಗಳ ಮೇಲೆ, ಬಾಗಿಲಿನ ಮೂಲೆ, ಬಾನೆಟ್ಟಿನ ಒಳಗೆ. ಹದಿನೇಳು. ಒಂದೊಂದರ ಪಕ್ಕದಲ್ಲೂ ನಾಣ್ಯ ಹಿಡಿದು ಫೋಟೊ ತೆಗೆಸಿದರು, ಅಳತೆ ತಿಳಿಯಲಿ ಎಂದು. ಜಾಹೀರಾತನ್ನು ಅವರೇ ಹೇಳಿ ಬರೆಸಿದರು. "ತುಕ್ಕು ಇದೆ. ಹದಿನೇಳು ತೂತು, ಎಲ್ಲೆಲ್ಲಿ ಎಂಬುದು ಕೆಳಗಿದೆ. ಹಿಂದಿನ ಸೀಟಿನಲ್ಲಿ ಇಲಿ ಸಂಸಾರ ಹೂಡಿತ್ತು, ಈಗ ಖಾಲಿ ಮಾಡಿದೆ. ಎಂಜಿನ್ ಹೊರಗಿದೆ, ಅದರದ್ದೇ, ನಂಬರ್ ತಾಳೆಯಾಗುತ್ತದೆ. ಟೈಟಲ್ ಇದೆ. ಹನ್ನೊಂದೂವರೆ ಸಾವಿರ, ಚೌಕಾಸಿ ಇಲ್ಲ."

"ತೂತು ಎಣಿಸಿ ಯಾರಾದ್ರೂ ಮಾರ್ತಾರೇನಮ್ಮಾ?" ಎಂದು ನೇಟ್ ತಲೆ ಚಚ್ಚಿಕೊಂಡ.

"ಕಾರ್ಖಾನೇಲಿ ಹಣ್ಣು ಆರಿಸಿದೋಳು ನಾನು. ಕೊಳೆತದ್ದನ್ನ ನಾವೇ ಎತ್ತಿ ಪಕ್ಕಕ್ಕಿಡಬೇಕು. ಕೊಳ್ಳೋನು ಕಂಡುಹಿಡಿದ್ರೆ ಇಡೀ ಬುಟ್ಟೀನೇ ಕೊಳೆತದ್ದು ಅಂತಾನೆ."

ಮೊದಲ ವಾರ ಬಂದ ಫೋನುಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಒಬ್ಬ ಎರಡು ಹುಲ್ಲು ಕತ್ತರಿಸುವ ಯಂತ್ರವೂ ಒಂದು ದೋಣಿಯೂ ಕೊಡುತ್ತೇನೆ ಎಂದ. ಇನ್ನೊಬ್ಬ, ಕಾರೇ ಬೇಡ, ನಂಬರಿನ ತಗಡೂ ಟೈಟಲ್ಲೂ ಸಾಕು, ನಾಲ್ಕು ಸಾವಿರ ಎಂದ. ಕದ್ದ ಗಾಡಿಗೆ ಹಚ್ಚುವುದಕ್ಕೆ ಇರಬೇಕು. "ನಿನ್ನ ತಾಯಿ ಹೆಸರಿನ ತಗಡು ಹಚ್ಚಿಕೋ ಹೋಗು," ಎಂದು ಅತ್ತೆ ಫೋನಿಟ್ಟರು. ಮೂರನೆಯವನು, "ಮನೇಲಿ ಗಂಡಸರು ಇದ್ರೆ ಕೊಡಿ," ಎಂದ. ಅತ್ತೆ ನೇಟ್‌ಗೆ ಕೊಟ್ಟರು. ನೇಟ್ ಪಾಪ ಒಂದು ಮಾತು ನೆಟ್ಟಗೆ ಹೇಳಿದ: "ನಮ್ಮಮ್ಮನ್ನೇ ಕೇಳಬೇಕು."

ಇತ್ತ ಮಾವನಿಗೆ ಬೇರೆ ಸಂಕಟ. ಬೆಳಿಗ್ಗೆ ಅವರು ಕಾಫಿ ಕುಡಿಯಲು ಹೋಗುವ ಅಂಗಡಿಯಲ್ಲಿ ಜಾಹೀರಾತು ಎಲ್ಲರ ಫೋನಿಗೂ ಬಂದಿತ್ತು. ಯಾರೋ ಒಬ್ಬರು "ಹದಿನೇಳು ತೂತಿನ ಲಾಯ್ಡ್" ಎಂದು ಹೆಸರಿಟ್ಟರು. ಮೂರೇ ದಿನದಲ್ಲಿ ಆ ಹೆಸರು ನಿಂತುಬಿಟ್ಟಿತು. ಕಾಫಿ ತಂದುಕೊಡುವ ಹೆಂಗಸು ಕೂಡ, "ತೂತಿಲ್ಲದ ಲೋಟ ಹುಡುಕಿ ತಂದಿದೀನಿ," ಅಂದಳಂತೆ.

"ಮನೆ ಮರ್ಯಾದೆ ಬೀದಿಗೆ ತಂದೆ," ಎಂದರು ಮಾವ ಊಟದ ಹೊತ್ತಿಗೆ.

"ಕಾರಿಗೆ ಮರ್ಯಾದೆ ಕೊಡಬೇಕಿತ್ತು. ಮೂವತ್ತು ವರ್ಷ ಟೈಮಿತ್ತು. ವೆಂಡೆಲ್‌ಗೆ ಹೇಳಿದ್ಯಾ?"

"ಹೇಳ್ತೀನಿ ಅಂದ್ನಲ್ಲ."

ಮುಂದಿನ ವಾರದ ಮಂಗಳವಾರ ಅತ್ತೆಯೂ ನಾನೂ ಕೆಲಸಕ್ಕೆ ಹೋದಾಗ ಮಾವ ಪೇಟೆಯಿಂದ ತೂತು ಮುಚ್ಚುವ ಪುಟ್ಟಿ ಎರಡು ಡಬ್ಬ, ಬಣ್ಣಕ್ಕೆ ಮೊದಲು ಬಳಿಯುವ ಬೂದು ಪ್ರೈಮರ್ ತಂದರು. ಕೊಟ್ಟಿಗೆಯ ಬಾಗಿಲು ಹಾಕಿಕೊಂಡು, ನೋಯುವ ಭುಜವನ್ನೇ ಎತ್ತಿ, ಎಡಮಗ್ಗುಲಿನ ತೂತುಗಳಿಗೆಲ್ಲ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರು. ಮೂವತ್ತು ವರ್ಷ ಮಾಡದ ಕೆಲಸವನ್ನು ಎರಡು ದಿನದಲ್ಲಿ ಮುಗಿಸಿದರು. ನೋಡಲು ಚೆನ್ನಾಗಿಯೇ ಇತ್ತು. ಹಳೇ ಕಾರು ಕೊಳ್ಳುವವನು ತುಕ್ಕಿಗೆ ಹೆದರುವುದಿಲ್ಲ, ಹೊಸ ಪ್ರೈಮರಿಗೆ ಹೆದರುತ್ತಾನೆ ಎಂಬುದು ಮಾವನಿಗೆ ಗೊತ್ತಿಲ್ಲದ್ದೇನಲ್ಲ. ತಾನೇ ನೂರು ಸಲ ಬೇರೆಯವರ ಕಾರು ನೋಡಿ, ಒಳಗೇನು ಮುಚ್ಚಿದಾನೋ ಎಂದು ನಕ್ಕವರು. ನಾಚಿಕೆಯಾದಾಗ ಕಲಿತ ವಿದ್ಯೆ ಕೈಬಿಡುತ್ತದೆ ಅಂತ ಕಾಣುತ್ತದೆ.

ಗುರುವಾರ ಸಂಜೆ ಫೋರ್ಟ್ ವೇನ್‌ನಿಂದ ಒಬ್ಬ ಎರಡು ಗಂಟೆ ಗಾಡಿ ಓಡಿಸಿಕೊಂಡು ಬಂದ. ಜೇಬಿನಲ್ಲಿ ಹತ್ತು ಸಾವಿರ ನಗದು ತಂದಿದ್ದೇನೆ ಎಂದಿದ್ದ. ಅತ್ತೆ ಕೆಲಸದಿಂದ ನೇರ ಬಂದು ಕೊಟ್ಟಿಗೆಯ ಬಾಗಿಲು ತೆಗೆದರು. ಬೂದು ಬಣ್ಣ ಕಂಡು ಅವರ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಬಂದವನು ಜೇಬಿನಿಂದ ಅಯಸ್ಕಾಂತ ತೆಗೆದು ಚಕ್ರದ ಮೇಲಿನ ಭಾಗಕ್ಕಿಟ್ಟ. ತಗಡಿಗಾದರೆ ಅಂಟಬೇಕು, ಪುಟ್ಟಿಗೆ ಅಂಟುವುದಿಲ್ಲ; ಟಕ್ಕೆಂದು ನೆಲಕ್ಕೆ ಬಿತ್ತು. ಇನ್ನೊಂದು ಕಡೆ ಇಟ್ಟ. ಅಲ್ಲೂ ಬಿತ್ತು.

"ಹದಿನೇಳು ಅಂದ್ರಿ. ಇದರಡಿ ಎಷ್ಟಿದೆಯೋ ದೇವರಿಗೇ ಗೊತ್ತು," ಎಂದ.

"ಹದಿನೇಳೇ ಇರೋದು."

"ಇರಬಹುದಮ್ಮ. ಆರು ಸಾವಿರ ಕೊಡ್ತೀನಿ."

"ಬಂದ ದಾರೀಲೇ ಹೋಗಿ," ಎಂದರು ಅತ್ತೆ. ಅವನು ಹೋದ.

ಮಾವ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. "ನಾನು ಸಹಾಯ ಮಾಡೋಣ ಅಂತ."

ಅತ್ತೆ ಶಾಲೆಯ ಏಪ್ರನ್ ಕೂಡ ಬಿಚ್ಚಲಿಲ್ಲ. ಗೋಡೆಗೆ ತೂಗುಹಾಕಿದ್ದ, ಕಬ್ಬಿಣ ಉಜ್ಜುವ ಗ್ರೈಂಡರ್ ಇಳಿಸಿ, ತಂತಿಯ ಚಕ್ರ ಸಿಕ್ಕಿಸಿ, ಪ್ಲಗ್ ಹಾಕಿ ಗುಂಡಿ ಒತ್ತಿದರು. ನನಗೆ ಕನ್ನಡಕ ಎಸೆದು, "ದೀಪ ಹಿಡ್ಕೋ ಡಾರ್ಲಾ," ಎಂದರು. ಪುಟ್ಟಿ ಹಿಟ್ಟಿನಂತೆ ಹಾರತೊಡಗಿತು. ಮಾವ ಹೊರಗಿನಿಂದ ಕೂಗಿದರು. ಎರಡು ದಿನದ ಕೆಲಸ, ಲಿಂಡಾ. ನನ್ನ ಭುಜ ಹೋಯ್ತು, ಲಿಂಡಾ. ಅತ್ತೆ ಇನ್ನಷ್ಟು ಒತ್ತಿ ಹಿಡಿದರು. ಮುಕ್ಕಾಲು ಗಂಟೆಯ ಹೊತ್ತಿಗೆ ಎಡಮಗ್ಗುಲಿನ ತೂತುಗಳು ಒಂದೊಂದಾಗಿ ಮತ್ತೆ ಬಾಯಿ ತೆರೆದವು.

ಇದ್ದಕ್ಕಿದ್ದಂತೆ ಗ್ರೈಂಡರ್ ನಿಲ್ಲಿಸಿ ಅತ್ತೆ ಬಾಯಿಗೆ ಕೈ ಇಟ್ಟರು. ಅಂಗೈಗೆ ಉಗುಳಿದರು. ಅಲ್ಲಾಡುತ್ತಿದ್ದ ಎರಡರಲ್ಲಿ ಒಂದು. ಗದಗದ ಅದುರಿದ್ದಕ್ಕೆ ಬಿದ್ದುಹೋಗಿತ್ತು. ತುಟಿಯಿಂದ ರಕ್ತ ಇಳಿದು ಏಪ್ರನ್ನಿನ ಮೇಲೆ ಬಿತ್ತು.

"ಅತ್ತೆ, ಒಳಗೆ ನಡೀರಿ," ಎಂದೆ. ನನಗೆ ಅಳುವೇ ಬಂತು.

ಅವರು ಹಲ್ಲನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. "ಡಾಕ್ಟ್ರಿಗೆ ಕೀಳೋ ಕೂಲಿ ಉಳೀತು. ದೀಪ ಮೇಲೆ ಹಿಡಿ."

ಮಾವ ಬಾಗಿಲಲ್ಲಿ ನಿಂತು ಆ ರಕ್ತ ನೋಡಿದರು. ಮತ್ತೆ ಕೂಗಲಿಲ್ಲ. ಆ ರಾತ್ರಿಯ ಊಟಕ್ಕೆ ಮೊಟ್ಟೆ ಬೇಯಿಸಿ, ಮೆತ್ತಗೆ ಹಿಸುಕಿ, ಅತ್ತೆಯ ಮುಂದೆ ತಾವೇ ತಂದಿಟ್ಟರು. ಉಪ್ಪು ಹಾಕುವುದನ್ನು ಮರೆತಿದ್ದರು. ಅತ್ತೆ ಉಪ್ಪಿನ ಡಬ್ಬಿಯನ್ನು ತಾವೇ ಎಳೆದುಕೊಂಡರು. "ಥ್ಯಾಂಕ್ಸ್" ಅನ್ನಲಿಲ್ಲ, ಬಿಡಲೂ ಇಲ್ಲ, ಪೂರ್ತಿ ತಿಂದರು.

ಜಾಹೀರಾತಿಗೆ ಅತ್ತೆ ಒಂದು ಸಾಲು ಸೇರಿಸಿದರು: "ನಡುವೆ ಎರಡು ದಿನ ನನ್ನ ಗಂಡ ಪುಟ್ಟಿ ಹಚ್ಚಿದ್ದ. ನಾನು ಕಿತ್ತು ಹಾಕಿದ್ದೇನೆ. ಫೋಟೊ ನೋಡಿ." ಈ ಸಾಲು ಓದಿಯೇ ಫೋನ್ ಮಾಡಿದ್ದು ಮಿಶಿಗನ್ನಿನ ಪೊಕೋರ್ನಿ ಎನ್ನುವವರು. ನಿವೃತ್ತ ಮೆಷಿನಿಸ್ಟ್, ನಿಧಾನದ ಮಾತು. ಜೂನ್ ಎರಡನೇ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ ಎಂದರು.

"ಅವತ್ತೇ ವೆಂಡೆಲ್ ಬರೋದು," ಎಂದು ನಾನು ನೆನಪಿಸಿದೆ.

"ಬರಲ್ಲ. ಲಾಯ್ಡ್ ಹೇಳಿರ್ತಾನೆ. ಅಲ್ವಾ ಲಾಯ್ಡ್?"

ಮಾವ ಪತ್ರಿಕೆ ಮಗುಚಿದರು. "ಹೂಂ," ಎಂದರು. ಆ ಹೂಂ ನನಗೆ ಸರಿಬರಲಿಲ್ಲ.

ಶನಿವಾರ ಪೊಕೋರ್ನಿ ಹೇಳಿದ ಹೊತ್ತಿಗೆ ಬಂದರು. ಹಿಂದೆ ಖಾಲಿ ಟ್ರೈಲರ್, ಪಕ್ಕದಲ್ಲಿ ಹೆಂಡತಿ, ಆಕೆಯ ತೊಡೆಯ ಮೇಲೆ ಬುತ್ತಿ. ಹಳೇ ರಟ್ಟು ಹಾಸಿಕೊಂಡು ಕಾರಿನ ಕೆಳಗೆ ತೂರಿದರು. ಸ್ಕ್ರೂಡ್ರೈವರಿನಿಂದ ಚುಚ್ಚಿದರು, ಅಯಸ್ಕಾಂತ ಹಿಡಿದರು, ಎಂಜಿನ್ನಿನ ನಂಬರ್ ಎರಡು ಸಲ ಓದಿದರು. ಒಂದು ಗಂಟೆ ಹಿಡಿಯಿತು. ಕೈ ಒರೆಸಿಕೊಂಡು ಅತ್ತೆಯ ಮುಂದೆ ನಿಂತರು.

"ಹದಿನೇಳು ತೂತು ಅಂತ ಬರೆದಿದೀರಿ. ಪಟ್ಟಿ ನೋಡದೆ ಹುಡುಕಿದೆ, ನನಗೆ ಹದಿನಾರೇ ಸಿಕ್ಕಿದ್ದು."

ಅತ್ತೆ ಕಾರಿನ ಮುಂದಕ್ಕೆ ಹೋಗಿ, ಬ್ಯಾಟರಿ ಇಡುವ ತಟ್ಟೆ ಎತ್ತಿ, ಅದರ ಕೆಳಗೆ ಬೆರಳು ತೂರಿಸಿ ತೋರಿಸಿದರು.

ಪೊಕೋರ್ನಿ ನಕ್ಕರು. "ಐವತ್ತು ವರ್ಷದಿಂದ ಕಾರು ಕೊಳ್ತಿದೀನಿ. ತೂತು ಕಡಿಮೆ ಬಿತ್ತು ಅಂತ ಹುಡುಕಿ ತೋರಿಸಿದೋರು ನೀವೇ ಮೊದಲು. ಹತ್ತೂವರೆ ಮಾಡ್ಕೊಳ್ಳಿ."

"ಹನ್ನೊಂದೂವರೆ."

"ಎಡಗಡೆ ತಗಡಿನ ಮೇಲೆ ಗ್ರೈಂಡರ್ ಗೀಚಿದೆ. ಸರಿ ಮಾಡೋಕೆ ಐನೂರಾದ್ರೂ ಬೇಕು. ಹನ್ನೊಂದಕ್ಕೆ ಬನ್ನಿ."

"ಆ ಐನೂರು ನನ್ನ ಗಂಡನ ಹತ್ರ ಕೇಳಿ. ಅಲ್ಲೇ ಜಗಲಿ ಮೇಲೆ ಕೂತಿದಾನೆ," ಎಂದರು ಅತ್ತೆ.

ಪೊಕೋರ್ನಿ ಜಗಲಿಯ ಕಡೆ ನೋಡಿದರು. ಮಾವ ಬೇಲಿಯ ಕಡೆ ನೋಡಿದರು. ಗಾಡಿಯೊಳಗಿಂದ ಪೊಕೋರ್ನಿಯ ಹೆಂಡತಿ ತಲೆ ಹೊರಹಾಕಿ, "ಕೊಡ್ರೀ ಅತ್ಲಾಗೆ. ಆ ಯಮ್ಮ ಇಳಿಯೋ ಪೈಕಿ ಅಲ್ಲ, ನನಗೆ ಹಸಿವಾಗ್ತಿದೆ," ಎಂದರು.

"ಹನ್ನೊಂದೂವರೆ," ಎಂದರು ಪೊಕೋರ್ನಿ.

ಕಾರನ್ನು ಟ್ರೈಲರಿಗೆ ಏರಿಸುವುದು ಸುಲಭವಾಗಲಿಲ್ಲ. ನಾಲ್ಕೂ ಟೈರು ಚಪ್ಪಟೆ. ನೇಟ್, ನಾನು, ಪೊಕೋರ್ನಿ ತಳ್ಳಿದರೂ ಬಾಗಿಲ ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಮಾವ ತಾವಾಗಿಯೇ ಎದ್ದು ಬಂದು, ಎಡಭುಜ ಕೊಟ್ಟು, "ಸ್ಟೇರಿಂಗ್ ಬಲಕ್ಕೆ, ಇನ್ನೂ ಬಲಕ್ಕೆ, ಅದಕ್ಕೆ ಎಡಕ್ಕೆ ಎಳೆಯೋ ಅಭ್ಯಾಸ," ಎಂದರು. ಮೂವತ್ತು ವರ್ಷದ ಮೇಲೆ ಅದು ಬಿಸಿಲಿಗೆ ಬಂತು. ಎಂಜಿನ್ನನ್ನು ಕಟ್ಟಿ ಏರಿಸುವಾಗ ಮಾವನ ಕಣ್ಣು ಒದ್ದೆಯಾಗಿತ್ತು. ಅತ್ತೆ ನೋಡಿದರು. ಅವರೂ ಒಂದು ಸಲ ಮೂಗೊರೆಸಿಕೊಂಡರು. ಪ್ರೀತಿ ಇರಲಿಲ್ಲ ಅಂತಲ್ಲ, ಇಬ್ಬರಿಗೂ ಇತ್ತು.

ಟೈಟಲ್ ಬದಲಾಯಿಸಲು ಸಹಿ ನೋಟರಿಯ ಎದುರೇ ಆಗಬೇಕು. ಪೇಟೆಯ ಬ್ಯಾಂಕಿನಲ್ಲಿ ಶನಿವಾರ ಹನ್ನೆರಡೂವರೆಯವರೆಗೂ ಒಬ್ಬ ನೋಟರಿ ಹೆಂಗಸು ಕೂರುತ್ತಾಳೆ. ನಾವು ಹೊರಟಾಗ ಮಾವನೂ ಗಾಡಿಯ ಹಿಂದಿನ ಸೀಟು ಹತ್ತಿದರು. ಕರೆದವರಿಲ್ಲ. ಹೊಸ ಶರ್ಟು ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡಿದ್ದರು.

ನೋಟರಿ ಹೆಂಗಸು ಹಸಿರು ಕಾಗದ ಬಿಡಿಸಿ ಓದಿದಳು. "ಎರ್ಲಿಂಡಾ ಕಾಂಟೂ ಯಾರು?"

"ನಾನು."

"ನಿಮ್ಮ ಲೈಸೆನ್ಸಲ್ಲಿ ಗ್ರೇಬರ್ ಅಂತಿದೆ."

ಅತ್ತೆ ಮದುವೆಯ ಸರ್ಟಿಫಿಕೇಟು ಮುಂದಿಟ್ಟರು. ಅವಳು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಸರಿ ಎಂದು ತಲೆಯಾಡಿಸಿದಳು. ಮಾವ ಜೇಬಿನ ಪೆನ್ನು ತೆಗೆದು ಅದರ ಮುಚ್ಚಳ ಬಿಚ್ಚಿದರು.

"ನಾನೆಲ್ಲಿ ಸಹಿ ಹಾಕಲಿ?"

ಅವಳು ಕಾಗದದ ಹಿಂದೆ ಮುಂದೆ ತಿರುಗಿಸಿದಳು. "ನೀವು ಎಲ್ಲೂ ಬರಲ್ಲ ಸರ್."

ಮಾವ ಪೆನ್ನಿನ ಮುಚ್ಚಳ ಹಾಕಿದರು. ಅತ್ತೆ ಕೂತು, ನಿಧಾನವಾಗಿ, ನಲವತ್ಮೂರು ವರ್ಷ ಬರೆಯದ ಹೆಸರನ್ನು ಒಂದೊಂದೇ ಅಕ್ಷರ ಮಾಡಿ ಬರೆದರು. ನೋಟರಿ ಮುದ್ರೆ ಒತ್ತಿದಳು. ಪೊಕೋರ್ನಿ ಲಕೋಟೆ ಕೊಟ್ಟರು. ಹನ್ನೊಂದೂವರೆ ಸಾವಿರ. ಅತ್ತೆ ಅದನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಮಾವನ ಫೋನು ಬಡಿದುಕೊಂಡಿತು.

ಗೋಡೆಯ ಗಡಿಯಾರದಲ್ಲಿ ಹನ್ನೆರಡು ಗಂಟೆ ಐದು ನಿಮಿಷ. ಫೋನಿನ ಮೇಲೆ ವೆಂಡೆಲ್ ಎಂದು ಬಂದಿತ್ತು.

"ಹೇಳಿಲ್ಲ ನೀನು," ಎಂದರು ಅತ್ತೆ.

"ಮನೆಗೆ ಹೋದ್ಮೇಲೆ ಮಾತಾಡ್ತೀನಿ."

"ಇಲ್ಲೇ ಎತ್ತು."

"ಜನ ಇದಾರೆ ಲಿಂಡಾ."

"ನೀನು ಕೈ ಕುಲುಕಿದಾಗ ನಾನಿರಲಿಲ್ಲ. ಈಗ ಇದೀನಿ. ಎತ್ತು."

ಮಾವನಿಗೆ ಕಿವಿ ಮಂದ. ಅವರ ಫೋನಿನಲ್ಲಿ ಯಾರು ಮಾತಾಡಿದರೂ ಸುತ್ತಲಿನ ಎಲ್ಲರಿಗೂ ಕೇಳುತ್ತದೆ. "ಲಾಯ್ಡ್," ಎಂದಿತು ವೆಂಡೆಲ್‌ರ ದನಿ, "ಟ್ರೈಲರ್ ತಂದು ಅಂಗಳದಲ್ಲಿ ನಿಂತಿದೀನಿ. ಕೊಟ್ಟಿಗೆ ಖಾಲಿ. ಕಾರೆಲ್ಲೋ?"

"ಮಾರಾಯ್ತು."

"ಮಾರಾಯ್ತು ಅಂದ್ರೆ? ನನಗೆ ಕೈ ಕುಲುಕಿ ಮಾತು ಕೊಟ್ಟಿದೀಯ. ನಮ್ಮ ಮನೇಲಿ ಇದುವರೆಗೂ ಯಾರೂ ಹಿಂಗೆ ಮಾಡಿಲ್ಲ. ಹೆಂಗೋ ಮಾರಿದೆ ನೀನು?"

ಬ್ಯಾಂಕಿನಲ್ಲಿ ಸಾಲಾಗಿ ನಿಂತಿದ್ದ ಜನ ಮಾತು ನಿಲ್ಲಿಸಿ ಇತ್ತ ತಿರುಗಿದ್ದರು. ಅವರಲ್ಲಿ ಇಬ್ಬರು ಮಾವನ ಕಾಫಿ ಅಂಗಡಿಯ ಜೊತೆಗಾರರು. ಮಾವನ ಕತ್ತು ಕೆಂಪೇರಿತು. ಅವರು ಅತ್ತೆಯನ್ನು ನೋಡಿದರು. ಅತ್ತೆ ಅವರನ್ನೇ ನೋಡುತ್ತಿದ್ದರು, ತುಟಿ ಮುಚ್ಚದೆ, ಹೋದ ಹಲ್ಲುಗಳ ಜಾಗವನ್ನು ಕೈಯಿಂದ ಮರೆಮಾಡದೆ.

"ನಾನು ಮಾರಿಲ್ಲ," ಎಂದರು ಮಾವ. ದನಿ ಸಣ್ಣಗಿತ್ತು. "ಮಾರೋಕೆ ಅದು ನನ್ನದಲ್ಲ ವೆಂಡೆಲ್. ನಿನ್ನ ಕೈ ಕುಲುಕಿದ್ದೇ ನನ್ನ ತಪ್ಪು. ಕಾರು ಎರ್ಲಿಂಡಾಳದು. ಮೊದಲಿಂದಾನೂ ಅವಳದೇ. ಅವಳು ಮಾರಿದ್ಲು."

"ಏನಂದೆ?" ಎಂದರು ವೆಂಡೆಲ್.

ಮಾವ ಫೋನ್ ಕೆಳಗಿಳಿಸಲು ಹೋದರು. ಅತ್ತೆ ಅವರ ಮಣಿಕಟ್ಟು ಹಿಡಿದು, ಫೋನನ್ನು ಮತ್ತೆ ಬಾಯಿಯ ಹತ್ತಿರಕ್ಕೆ ತಂದರು.

"ಇನ್ನೊಂದ್ಸಲ ಹೇಳು ಲಾಯ್ಡ್. ಜೋರಾಗಿ ಹೇಳು."

ಮಾವ ನೆಟ್ಟಗೆ ನಿಂತರು. ಇಡೀ ಬ್ಯಾಂಕಿಗೆ ಕೇಳುವ ಹಾಗೆ ಇನ್ನೊಂದು ಸಲ ಹೇಳಿದರು.